ಬಾಂಬರ್ ಸಿಬ್ಬಂದಿಯಲ್ಲಿದ್ದ ಬಂಧುವಿನ ಯುದ್ಧಕಾಲದ ಸೇವೆಯನ್ನು ಹುಡುಕುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ, ಅಂದರೆ ಆರ್‌ಎಎಫ್‌ನ, ಬಾಂಬರ್ ವಿಮಾನಗಳಲ್ಲಿ ಹಾರಿದವರ ಬಗ್ಗೆ ಕೇಳಲಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಯುರೋಪಿನ ಮೇಲೆ ಹಾರಿದವರ ಜೊತೆಗೆ ಬರ್ಮಾ ರಣರಂಗದವರನ್ನೂ ಇಲ್ಲಿ ಸೇರಿಸಲಾಗಿದೆ. ಬರ್ಮಾಕ್ಕೆ ಹೋದ ಅನೇಕ ಸಿಬ್ಬಂದಿ ಕೋಲಾರ, ಯಲಹಂಕಗಳ ಮೂಲಕ ಹಾದುಹೋದವರಾದ್ದರಿಂದ, ಕರ್ನಾಟಕದಲ್ಲಿ ಕುಳಿತು ಹುಡುಕುವವರಿಗೂ ಹೊರದೇಶದಿಂದ ಇಲ್ಲಿಗೆ ವಿಚಾರಿಸುವವರಿಗೂ ಆ ಭಾಗ ಉಪಯೋಗಕ್ಕೆ ಬರಬಹುದು.

ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕು?

ಮನೆಯಿಂದಲೇ ಆರಂಭಿಸಬೇಕು. ಪೂರ್ಣ ಹೆಸರು, ಹುಟ್ಟಿದ ದಿನಾಂಕ, ಸೇವಾ ಸಂಖ್ಯೆ, ಸ್ಕ್ವಾಡ್ರನ್ (ವಾಯುಪಡೆಯ ವಿಮಾನ ತಂಡ) ಸಂಖ್ಯೆ ಈ ನಾಲ್ಕರಲ್ಲಿ ಎರಡಾದರೂ ಖಚಿತವಾಗಿದ್ದರೆ ಮುಂದಿನ ದಾರಿ ಸುಲಭವಾಗುತ್ತದೆ. ಟ್ರಂಕಿನ ತಳದಲ್ಲಿರುವ ಹಳೆಯ ಪತ್ರಗಳ ವಿಳಾಸ, ಫೋಟೋಗಳ ಹಿಂಬದಿಯ ಬರಹ, ಪದಕದ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಚೀಟಿ, ಎಲ್ಲಕ್ಕಿಂತ ಮುಖ್ಯವಾಗಿ ಹಾರಾಟದ ಲಾಗ್‌ಬುಕ್ (ತಮ್ಮ ಹಾರಾಟಗಳನ್ನು ಬರೆದಿಡುತ್ತಿದ್ದ ಪುಸ್ತಕ), ಇವನ್ನೆಲ್ಲ ಮೊದಲು ಒಂದೆಡೆ ಸೇರಿಸಿಕೊಳ್ಳಿ. ಸಾಮಾನ್ಯ ದರ್ಜೆಯಲ್ಲಿದ್ದವರು ಮುಂದೆ ಅಧಿಕಾರಿಯಾಗಿ ಬಡ್ತಿ ಪಡೆದಾಗ ಅವರಿಗೆ ಹೊಸ ಸೇವಾ ಸಂಖ್ಯೆ ಕೊಡಲಾಗುತ್ತಿತ್ತು. ಹೀಗಾಗಿ ಒಬ್ಬರೇ ವ್ಯಕ್ತಿಗೆ ಎರಡು ಸಂಖ್ಯೆಗಳು ಕಂಡುಬಂದರೆ ಅವು ಇಬ್ಬರು ವ್ಯಕ್ತಿಗಳದ್ದೆಂದು ಭಾವಿಸಬೇಡಿ.

ಹೆಚ್ಚಿನವರು ವ್ಯಕ್ತಿಯ ಹೆಸರನ್ನು ಹಿಡಿದುಕೊಂಡೇ ಕೊನೆಯವರೆಗೂ ಹುಡುಕುತ್ತಾರೆ, ಅರ್ಧ ದಾರಿಯಲ್ಲಿ ನಿಂತುಹೋಗುತ್ತಾರೆ. ಯುದ್ಧಕಾಲದ ಕಚೇರಿಗಳು ಕಾಗದವನ್ನು ಸ್ಕ್ವಾಡ್ರನ್, ವಿಮಾನ ಮತ್ತು ದಿನಾಂಕಗಳ ಪ್ರಕಾರ ಜೋಡಿಸಿಟ್ಟವೇ ಹೊರತು ಮೊಮ್ಮಕ್ಕಳ ಅನುಕೂಲಕ್ಕಾಗಿ ಹೆಸರಿನ ಪ್ರಕಾರ ಇಡಲಿಲ್ಲ. ಯಾವ ರಾತ್ರಿ, ಯಾವ ವಿಮಾನ, ಯಾರ ಜೊತೆ ಎಂಬ ಮೂರು ಪ್ರಶ್ನೆಗಳನ್ನು ಬೆನ್ನಟ್ಟಿದರೆ, ಹೆಸರಿನಿಂದ ಸಿಗದ ವ್ಯಕ್ತಿಯೂ ಸಿಗುತ್ತಾರೆ.

ನಮ್ಮ ತಾತ ‘ಬಾಂಬರ್‌ನಲ್ಲಿದ್ದರು’ ಎಂದು ಮನೆಯಲ್ಲಿ ಹೇಳುತ್ತಾರೆ. ಅವರು ನಿಜಕ್ಕೂ ಹಾರಿದವರೇ?

ಈ ಮಾತಿಗೆ ಹಲವು ಅರ್ಥಗಳಿರಬಹುದು. ಒಂದು ಬಾಂಬರನ್ನು ಗಾಳಿಗೇರಿಸಲು ನೆಲದ ಮೇಲೆ ಫಿಟ್ಟರ್, ಆರ್ಮರರ್ (ಬಾಂಬು, ಬಂದೂಕುಗಳನ್ನು ಜೋಡಿಸುವವರು), ಎಲೆಕ್ಟ್ರಿಷಿಯನ್ ಮುಂತಾದ ಅನೇಕರು ದುಡಿಯುತ್ತಿದ್ದರು, ಅವರೂ ತಮ್ಮನ್ನು ಬಾಂಬರ್ ಸ್ಕ್ವಾಡ್ರನ್ನಿನವರೆಂದೇ ಹೇಳಿಕೊಳ್ಳುತ್ತಿದ್ದರು, ಅದು ಸುಳ್ಳೂ ಅಲ್ಲ. ಸಮವಸ್ತ್ರದಲ್ಲಿರುವ ಫೋಟೋ ಇದ್ದರೆ ಎಡಗಡೆ ಎದೆಯ ಜೇಬಿನ ಮೇಲ್ಭಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಪೈಲಟ್‌ಗೆ ಎರಡೂ ಬದಿ ಚಾಚಿದ ಪೂರ್ಣ ರೆಕ್ಕೆ ಇರುತ್ತದೆ. ಉಳಿದ ಸಿಬ್ಬಂದಿಗೆ ಒಂದೇ ರೆಕ್ಕೆ ಮತ್ತು ಅದರ ಬುಡದ ವೃತ್ತದೊಳಗೆ ಅಕ್ಷರ: ನ್ಯಾವಿಗೇಟರ್‌ಗೆ ‘ಎನ್’, ಗುರಿಯಿಟ್ಟು ಬಾಂಬ್ ಬಿಡುವ ಬಾಂಬ್ ಏಮರ್‌ಗೆ ‘ಬಿ’, ಫ್ಲೈಟ್ ಎಂಜಿನಿಯರ್‌ಗೆ ‘ಇ’, ಏರ್ ಗನ್ನರ್‌ಗೆ ‘ಎಜಿ’. ರೆಕ್ಕೆಯೇ ಇಲ್ಲದಿದ್ದರೆ ಅವರು ನೆಲದ ಸಿಬ್ಬಂದಿಯಾಗಿರುವ ಸಾಧ್ಯತೆಯೇ ಹೆಚ್ಚು, ಅಥವಾ ಫೋಟೋ ತರಬೇತಿಯ ಕಾಲದ್ದಾಗಿರಬಹುದು.

ಬೆಂಗಳೂರಿನ ಕುಟುಂಬಗಳ ವಿಷಯದಲ್ಲಿ ಇನ್ನೂ ಎರಡು ಗೊಂದಲಗಳು ಸಾಮಾನ್ಯ. ಒಂದು, 1940ರ ಡಿಸೆಂಬರ್‌ನಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧಕಾಲದಲ್ಲಿ ಅಮೆರಿಕನ್ ಸೇನೆಯ ನಿಯಂತ್ರಣದಲ್ಲಿ ವಿಮಾನಗಳ ದುರಸ್ತಿಯ ದೊಡ್ಡ ಕೇಂದ್ರವಾಗಿತ್ತು. ಕೆಟಲೀನಾ ಕಡಲ ವಿಮಾನಗಳು ಬೆಳ್ಳಂದೂರು ಕೆರೆಯಲ್ಲೇ ಇಳಿಯುತ್ತಿದ್ದವು. ಅಲ್ಲಿ ಕೆಲಸ ಮಾಡಿದವರು ಬಾಂಬರುಗಳನ್ನು ಬಿಚ್ಚಿ ಜೋಡಿಸಿದವರೇ ಹೊರತು ಸೈನಿಕರಲ್ಲ, ಅವರ ದಾಖಲೆಯನ್ನು ವಾಯುಪಡೆಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಎರಡನೆಯದು, ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳನ್ನು ಇದೇ ಕಾರ್ಖಾನೆಯವರು ಸರಿಪಡಿಸಿಕೊಟ್ಟರು. 1948ರಿಂದ ಸ್ವತಂತ್ರ ಭಾರತದ ವಾಯುಪಡೆ ಅವುಗಳನ್ನು ಹಾರಿಸಿತು. ಹಾಗಾಗಿ ‘ಲಿಬರೇಟರ್‌ನಲ್ಲಿ ಹಾರಿದ ದೊಡ್ಡಪ್ಪ’ ಯುದ್ಧಕ್ಕೆ ಹೋಗದೆ, 1950ರ ದಶಕದಲ್ಲಿ ಹಾರಿದವರೂ ಆಗಿರಬಹುದು. ಹುಟ್ಟಿದ ವರ್ಷ ನೋಡಿದರೆ ಈ ಗೊಂದಲ ಬಹುಮಟ್ಟಿಗೆ ಬಗೆಹರಿಯುತ್ತದೆ.

ಸೇವಾ ದಾಖಲೆಯನ್ನು ಯಾರಿಂದ ಪಡೆಯಬೇಕು?

ವ್ಯಕ್ತಿ ಯಾವ ದೇಶದ ವಾಯುಪಡೆಗೆ ಸೇರಿದ್ದರು ಎಂಬುದರ ಮೇಲೆ ಇದು ನಿಂತಿದೆ. ಬ್ರಿಟನ್ನಿನ ರಕ್ಷಣಾ ಸಚಿವಾಲಯ ತನ್ನಲ್ಲಿದ್ದ ಸೇವಾ ಕಡತಗಳನ್ನು 2022ರಿಂದ ಕಂತುಕಂತಾಗಿ ಲಂಡನ್ನಿನ ಕ್ಯೂ ಬಡಾವಣೆಯ ನ್ಯಾಷನಲ್ ಆರ್ಕೈವ್ಸ್‌ಗೆ ವರ್ಗಾಯಿಸುತ್ತಿರುವುದರಿಂದ, ಅರ್ಜಿ ಹಾಕುವ ಮುನ್ನ ನಿಮಗೆ ಬೇಕಾದ ಕಡತ ಸದ್ಯ ಯಾರ ಬಳಿ ಇದೆಯೆಂದು ನೋಡಿಕೊಳ್ಳಬೇಕು. ಆಸ್ಟ್ರೇಲಿಯದವರಾಗಿದ್ದರೆ ನೀವು ಅದೃಷ್ಟವಂತರು: ಅಲ್ಲಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಅಧಿಕಾರಿಗಳ ಕಡತಗಳು ‘ಎ 9300’ ಸರಣಿಯಲ್ಲೂ ಇತರ ದರ್ಜೆಯವರದ್ದು ‘ಎ 9301’ರಲ್ಲೂ ಇವೆ, ಮತ್ತು ಅವುಗಳಲ್ಲಿ ಸ್ಕ್ಯಾನ್ ಆದವನ್ನು ಮನೆಯಲ್ಲೇ ಕುಳಿತು ಉಚಿತವಾಗಿ ಓದಬಹುದು. ಕೆನಡಾದಲ್ಲಿ ಯುದ್ಧದಲ್ಲಿ ಮಡಿದವರ ಕಡತಗಳು ತೆರೆದಿವೆ, ಬದುಕಿ ಬಂದವರದ್ದಕ್ಕೆ ಲೈಬ್ರರಿ ಅಂಡ್ ಆರ್ಕೈವ್ಸ್‌ಗೆ ಅರ್ಜಿ ಹಾಕಬೇಕು. ಅಮೆರಿಕದ ವಾಯುದಳ ಆಗ ಭೂಸೇನೆಯ ಭಾಗವಾಗಿತ್ತು. ಸೇಂಟ್ ಲೂಯಿಸ್ ನಗರದ ದಾಖಲೆ ಕೇಂದ್ರದಲ್ಲಿ 1973ರಲ್ಲಿ ಬಿದ್ದ ಬೆಂಕಿಯಲ್ಲಿ ಆ ಕಾಲದ ಭೂಸೇನಾ ಕಡತಗಳ ಬಹುಭಾಗ ಸುಟ್ಟುಹೋದುದರಿಂದ, ಅಮೆರಿಕದವರ ವಿಷಯದಲ್ಲಿ, ಕಾಣೆಯಾದ ವಿಮಾನಗಳ ಬಗ್ಗೆ ಬರೆದ ಸಿಬ್ಬಂದಿ ವರದಿಗಳನ್ನೇ ಹೆಚ್ಚು ನೆಚ್ಚಿಕೊಳ್ಳಬೇಕಾಗುತ್ತದೆ. ಭಾರತೀಯ ವಾಯುಪಡೆಯ ಏರ್‌ಮನ್‌ಗಳ (ಅಧಿಕಾರಿಗಳಲ್ಲದ ದರ್ಜೆಯವರ) ವಿಚಾರಕ್ಕೆ ನವದೆಹಲಿಯ ಸುಬ್ರೊತೊ ಪಾರ್ಕ್‌ನಲ್ಲಿರುವ ಏರ್ ಫೋರ್ಸ್ ರೆಕಾರ್ಡ್ ಆಫೀಸ್‌ಗೆ ಬರೆಯಬೇಕು.

ಸೇವಾ ದಾಖಲೆಯಿಂದ ಏನನ್ನು ನಿರೀಕ್ಷಿಸಬೇಕೆಂಬುದನ್ನೂ ಹೇಳಬೇಕು. ಸೇರಿದ ದಿನ, ವೃತ್ತಿ, ಬಡ್ತಿಗಳು, ವರ್ಗಾವಣೆಗಳು ಅದರಲ್ಲಿ ಸಂಕ್ಷಿಪ್ತ ಅಕ್ಷರಗಳಲ್ಲಿ ಇರುತ್ತವೆ. ಯಾವ ಊರಿನ ಮೇಲೆ ಬಾಂಬ್ ಹಾಕಿದರು ಎಂಬುದು ಇರುವುದಿಲ್ಲ. ಅದನ್ನು ಕಂಡು ನಿರಾಶರಾಗಿ ನಿಲ್ಲಿಸುವವರು ಬಹಳ ಮಂದಿ. ನಿಜವಾಗಿ ಆ ಹಾಳೆಯ ಉಪಯೋಗ ಒಂದೇ: ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಯಾವ ಸ್ಕ್ವಾಡ್ರನ್ನಿನಲ್ಲಿದ್ದರು ಎಂಬುದನ್ನು ಅದು ಗೊತ್ತುಮಾಡಿಕೊಡುತ್ತದೆ.

ಹಾಗಾದರೆ ಪ್ರತಿ ರಾತ್ರಿಯ ವಿವರ ಎಲ್ಲಿ ಸಿಗುತ್ತದೆ?

ಸ್ಕ್ವಾಡ್ರನ್ನಿನ ಕಾರ್ಯಾಚರಣೆ ದಾಖಲೆ ಪುಸ್ತಕದಲ್ಲಿ. ಇವು ಕ್ಯೂನಲ್ಲಿ ‘ಏರ್ 27’ ಎಂಬ ಸರಣಿಯಲ್ಲಿವೆ, ಬಹುಪಾಲನ್ನು ಡಿಜಿಟಲ್ ಪ್ರತಿಯಾಗಿ ತರಿಸಿಕೊಳ್ಳಬಹುದು. ಪುಸ್ತಕದಲ್ಲಿ ಎರಡು ಬಗೆಯ ಹಾಳೆಗಳಿರುತ್ತವೆ. ಫಾರ್ಮ್ 540 ಸ್ಕ್ವಾಡ್ರನ್ನಿನ ದಿನಚರಿ: ಹವಾಮಾನ ಕೆಟ್ಟು ಹಾರಾಟ ರದ್ದಾದದ್ದು, ಹೊಸಬರು ಬಂದದ್ದು, ಫುಟ್‌ಬಾಲ್ ಪಂದ್ಯ ಸೋತದ್ದು ಎಲ್ಲವೂ ಅಲ್ಲಿ ಬರಬಹುದು. ಫಾರ್ಮ್ 541ರಲ್ಲಿ ಹಾರಾಟದ ವಿವರ: ದಿನಾಂಕ, ವಿಮಾನದ ಸಂಖ್ಯೆ, ಸಿಬ್ಬಂದಿಯ ಹೆಸರುಗಳು, ಏರಿದ ಹೊತ್ತು, ಇಳಿದ ಹೊತ್ತು, ಆಮೇಲೆ ಮರಳಿ ಬಂದವರು ಗುಪ್ತಚರ ಅಧಿಕಾರಿಗೆ ಹೇಳಿದ ಮಾತಿನ ಸಾರ. ಗುರಿಯ ಮೇಲೆ ಎಷ್ಟು ಎತ್ತರದಿಂದ, ಎಷ್ಟು ಗಂಟೆಗೆ, ಯಾವ ಬಣ್ಣದ ಗುರುತಿನ ದೀಪ ನೋಡಿ ಬಾಂಬ್ ಬಿಡಲಾಯಿತು, ಮೋಡವಿತ್ತೇ, ಬೆಂಕಿ ಕಂಡಿತೇ, ಹೀಗೆ ನಾಲ್ಕಾರು ಸಾಲು. ಮರಳಿ ಬಾರದ ವಿಮಾನದ ಎದುರು, ಏರಿದ ಹೊತ್ತಿನ ನಂತರ, ‘ಕಾಣೆಯಾಗಿದೆ’ ಎಂಬ ಒಂದೇ ಮಾತಿರುತ್ತದೆ.

ಎಲ್ಲ ಸ್ಕ್ವಾಡ್ರನ್ನುಗಳ ಗುಮಾಸ್ತರೂ ಒಂದೇ ತೆರನಾಗಿ ಬರೆದವರಲ್ಲ. ಯುದ್ಧದ ಮೊದಲ ವರ್ಷಗಳಲ್ಲಿ ಕೆಲವರು ವಿಮಾನದ ಕ್ಯಾಪ್ಟನ್‌ನ, ಅಂದರೆ ಪೈಲಟ್‌ನ, ಹೆಸರನ್ನಷ್ಟೇ ಬರೆದಿಟ್ಟರು. ಹಿಂಬದಿಯ ಗನ್ನರ್ ಆಗಿದ್ದ ನಿಮ್ಮ ಚಿಕ್ಕಜ್ಜನ ಹೆಸರು ಅಲ್ಲಿ ಇಲ್ಲದಿದ್ದರೆ ಅವರ ಪೈಲಟ್ ಯಾರೆಂದು ಕಂಡುಕೊಂಡು ಆ ಹೆಸರನ್ನು ಹಿಂಬಾಲಿಸಬೇಕು. ಸಿಬ್ಬಂದಿ ಸಾಮಾನ್ಯವಾಗಿ ಒಟ್ಟಾಗಿಯೇ ಹಾರುತ್ತಿದ್ದುದರಿಂದ ಈ ವಿಧಾನ ಬಹುತೇಕ ಸಂದರ್ಭಗಳಲ್ಲಿ ಫಲಿಸುತ್ತದೆ. ಆದರೆ ಜ್ವರ ಬಂದು ಮಲಗಿದವರ ಬದಲಿಗೆ ಬೇರೊಬ್ಬರು ಹೋದ ರಾತ್ರಿಗಳೂ ಇದ್ದವು, ಎಷ್ಟೋ ವೇಳೆ ಅದೇ ಒಂದು ರಾತ್ರಿ ಜೀವ ಉಳಿಸಿತು ಅಥವಾ ತೆಗೆಯಿತು. ಆದ್ದರಿಂದ ಹೆಸರುಗಳಿರುವ ಕಡೆ ಪ್ರತಿ ಹಾರಾಟವನ್ನೂ ಬಿಡಿಯಾಗಿಯೇ ಪರಿಶೀಲಿಸಬೇಕು.

ಲಾಗ್‌ಬುಕ್ ಸಿಕ್ಕಿದೆ, ಆದರೆ ಅರ್ಥವಾಗುತ್ತಿಲ್ಲ. ಅದನ್ನು ಓದುವುದು ಹೇಗೆ?

ಒಂದು ಸಾಲನ್ನು ಎಡದಿಂದ ಬಲಕ್ಕೆ ಓದಿ. ಮೊದಲು ದಿನಾಂಕ ಮತ್ತು ಹೊತ್ತು, ಆಮೇಲೆ ವಿಮಾನದ ಮಾದರಿ ಮತ್ತು ಗುರುತು, ಪೈಲಟ್ ಹೆಸರು, ಈ ವ್ಯಕ್ತಿ ಮಾಡಿದ ಕೆಲಸ, ನಂತರ ಷರಾ, ಕೊನೆಗೆ ಹಗಲು ಮತ್ತು ರಾತ್ರಿಯ ಎರಡು ಪ್ರತ್ಯೇಕ ಅಂಕಣಗಳಲ್ಲಿ ಹಾರಿದ ಗಂಟೆಗಳು. ರಾತ್ರಿಯ ಹಾರಾಟವನ್ನು ಕೆಂಪು ಶಾಯಿಯಲ್ಲೂ ಹಗಲಿನ ಕಾರ್ಯಾಚರಣೆಯನ್ನು ಹಸಿರು ಶಾಯಿಯಲ್ಲೂ ಬರೆಯುವ ವಾಡಿಕೆಯಿತ್ತು, ಎಲ್ಲರೂ ಅದನ್ನು ಚಾಚೂ ತಪ್ಪದೆ ಪಾಲಿಸಿದರೆಂದಲ್ಲ. ಷರಾದಲ್ಲಿ ‘ಆಪ್ಸ್’ ಎಂದಿದ್ದರೆ ಅದು ಶತ್ರುವಿನ ಮೇಲಿನ ನಿಜವಾದ ಕಾರ್ಯಾಚರಣೆ. ‘ಡಿ.ಸಿ.ಒ.’ ಎಂದರೆ ಒಪ್ಪಿಸಿದ ಕೆಲಸ ಮುಗಿಸಿದ್ದು, ‘ಡಿ.ಎನ್.ಸಿ.ಒ.’ ಎಂದರೆ ಮುಗಿಸದೆ ಮರಳಿದ್ದು. ‘ಗಾರ್ಡನಿಂಗ್’ ಎಂಬುದನ್ನು ಕಂಡು ತಾತ ಯುದ್ಧಕಾಲದಲ್ಲಿ ತೋಟಗಾರಿಕೆ ಮಾಡಿದರೆಂದುಕೊಳ್ಳಬೇಡಿ: ಅದು ಸಮುದ್ರದಲ್ಲಿ ಸ್ಫೋಟಕ ಮೈನ್‌ಗಳನ್ನು ಬಿಡುವ ಕೆಲಸಕ್ಕಿದ್ದ ಗುಪ್ತನಾಮ. ‘ನಿಕಲ್’ ಎಂದರೆ ಕರಪತ್ರ ಎಸೆಯುವುದು.

ದಿನಾಂಕದ ವಿಷಯದಲ್ಲಿ ಎಲ್ಲರೂ ಒಮ್ಮೆಯಾದರೂ ಎಡವುವ ಒಂದು ಕಡೆ ಇದೆ. ರಾತ್ರಿಯ ದಾಳಿ ಒಂದು ದಿನ ಆರಂಭವಾಗಿ ಮರುದಿನ ಮುಗಿಯುತ್ತದೆ. 1944ರ ಮಾರ್ಚ್ 30ರ ರಾತ್ರಿ ಹೊರಟ ನ್ಯೂರೆಂಬರ್ಗ್ ದಾಳಿಯಲ್ಲಿ ಬಾಂಬರ್ ಕಮಾಂಡ್, ಅಂದರೆ ಆರ್‌ಎಎಫ್‌ನ ಬಾಂಬರ್ ವಿಭಾಗ, 95 ವಿಮಾನಗಳನ್ನು ಕಳೆದುಕೊಂಡಿತು. ಯುದ್ಧದುದ್ದಕ್ಕೂ ಒಂದೇ ರಾತ್ರಿಯಲ್ಲಿ ಅದಕ್ಕಾದ ಅತಿದೊಡ್ಡ ನಷ್ಟ ಅದು. ಆ ರಾತ್ರಿ ಹಾರಿದವರ ಲಾಗ್‌ಬುಕ್‌ನಲ್ಲಿ 30 ಎಂದಿರುತ್ತದೆ, ಮಡಿದವರ ಸಮಾಧಿಗಳ ಮೇಲೆ ಹೆಚ್ಚಾಗಿ 31 ಎಂದಿರುತ್ತದೆ. ಎರಡೂ ಒಂದೇ ಘಟನೆ.

ವಿಮಾನದ ಗುರುತಿನಲ್ಲಿಯೂ ಎರಡು ಬಗೆಯಿದೆ. ಬದಿಯಲ್ಲಿ ದೊಡ್ಡದಾಗಿ ಬರೆದ ಅಕ್ಷರಗಳು ಸ್ಕ್ವಾಡ್ರನ್ನಿನವು, ವಿಮಾನ ಸ್ಕ್ವಾಡ್ರನ್ ಬದಲಿಸಿದರೆ ಅವೂ ಬದಲಾಗುತ್ತವೆ. ಬಾಲದ ಹತ್ತಿರ ಚಿಕ್ಕದಾಗಿರುವ ಸರಣಿ ಸಂಖ್ಯೆ ಮಾತ್ರ ಕೊನೆಯವರೆಗೂ ಒಂದೇ. ಲಂಡನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿ ಇಂದಿಗೂ ನಿಂತಿರುವ ಲ್ಯಾಂಕಾಸ್ಟರ್ ‘ಆರ್ 5868’ ಮೊದಲು 83ನೇ ಸ್ಕ್ವಾಡ್ರನ್ನಿನಲ್ಲಿ ‘ಕ್ಯೂ’ ಆಗಿತ್ತು, ಬಳಿಕ ಆಸ್ಟ್ರೇಲಿಯದ 467ನೇ ಸ್ಕ್ವಾಡ್ರನ್ನಿನಲ್ಲಿ ‘ಎಸ್’ ಆಯಿತು. ಲಾಗ್‌ಬುಕ್‌ನಲ್ಲಿ ಬರೀ ‘ಎಸ್’ ಎಂದಿದ್ದರೆ ಸರಣಿ ಸಂಖ್ಯೆಗಾಗಿ ಮತ್ತೆ ಫಾರ್ಮ್ 541ಕ್ಕೇ ಹೋಗಬೇಕು.

ಲಾಗ್‌ಬುಕ್ ಕಳೆದುಹೋಗಿದ್ದರೆ?

ಮನೆಯವರು ಕೇಳದೆ ವಾಯು ಸಚಿವಾಲಯದಲ್ಲೇ ಉಳಿದ ಲಾಗ್‌ಬುಕ್‌ಗಳಲ್ಲಿ ಒಂದು ಮಾದರಿ ಸಂಗ್ರಹವನ್ನು ಉಳಿಸಿ ಮಿಕ್ಕವನ್ನು ನಾಶಮಾಡಲಾಯಿತು. ಆದ್ದರಿಂದ ಅದನ್ನು ಹುಡುಕುತ್ತ ವರ್ಷ ಕಳೆಯುವ ಬದಲು ಅದೇ ಸಿಬ್ಬಂದಿಯ ಬೇರೊಬ್ಬರ ಲಾಗ್‌ಬುಕ್ ಎಲ್ಲಾದರೂ ಉಳಿದಿದೆಯೇ ಎಂದು ವಿಚಾರಿಸುವುದು ಜಾಣತನ. ಏಳು ಜನ ಒಂದೇ ವಿಮಾನದಲ್ಲಿ ಹಾರಿದ್ದರೆ ಒಬ್ಬರ ಪುಸ್ತಕ ಬಹುಮಟ್ಟಿಗೆ ಏಳೂ ಜನರ ಪುಸ್ತಕ.

ಆ ಏಳು ಜನ ಯಾರು, ಅವರು ಒಂದಾದದ್ದು ಹೇಗೆ?

ಲ್ಯಾಂಕಾಸ್ಟರ್ ವಿಮಾನದಲ್ಲಿ ಪೈಲಟ್, ಫ್ಲೈಟ್ ಎಂಜಿನಿಯರ್, ನ್ಯಾವಿಗೇಟರ್, ಬಾಂಬ್ ಏಮರ್, ವೈರ್‌ಲೆಸ್ ಆಪರೇಟರ್, ಮೇಲ್ಭಾಗದ ಗನ್ನರ್, ಹಿಂಬದಿಯ ಗನ್ನರ್ ಇರುತ್ತಿದ್ದರು. ಕಾರ್ಯಾಚರಣೆ ತರಬೇತಿ ಘಟಕದಲ್ಲಿ ಹೊಸಬರನ್ನೆಲ್ಲ ಒಂದು ಹ್ಯಾಂಗರ್‌ನಲ್ಲಿ ಸೇರಿಸಿ, ನಿಮ್ಮ ನಿಮ್ಮ ಗುಂಪು ನೀವೇ ಕಟ್ಟಿಕೊಳ್ಳಿ ಎಂದು ಬಿಡುತ್ತಿದ್ದರು. ಸೇನೆಯಂಥ ಶಿಸ್ತಿನ ವ್ಯವಸ್ಥೆ ಇಷ್ಟು ಮುಖ್ಯವಾದ ಸಂಗತಿಯನ್ನು ಅಪರಿಚಿತ ಹುಡುಗರ ಮುಖಪರಿಚಯಕ್ಕೆ ಬಿಟ್ಟದ್ದು ಆಶ್ಚರ್ಯವೆನಿಸಬಹುದು, ಆದರೆ ಆ ಪದ್ಧತಿ ಚೆನ್ನಾಗಿಯೇ ನಡೆಯಿತು. ಫ್ಲೈಟ್ ಎಂಜಿನಿಯರ್ ಸಾಮಾನ್ಯವಾಗಿ ನಂತರ, ಭಾರಿ ವಿಮಾನಗಳ ತರಬೇತಿಯ ಹಂತದಲ್ಲಿ ಸೇರಿಕೊಳ್ಳುತ್ತಿದ್ದರು. ಮೊದಲ ಸರದಿ ಸಾಮಾನ್ಯವಾಗಿ 30 ಕಾರ್ಯಾಚರಣೆಗಳದ್ದು, ಅದು ಮುಗಿದ ಮೇಲೆ ಗುಂಪು ಚದುರುತ್ತಿತ್ತು. ತರಬೇತಿ ಘಟಕದ ದಿನಾಂಕಗಳನ್ನೂ ಕಡೆಗಣಿಸಬೇಡಿ, ಏಕೆಂದರೆ ತರಬೇತಿಯ ಹಾರಾಟಗಳಲ್ಲೇ ಸಾವಿರಾರು ಮಂದಿ ಸತ್ತಿದ್ದಾರೆ.

ಬಂಧು ಮರಳಿ ಬರಲಿಲ್ಲ. ಅವರಿಗೆ ಏನಾಯಿತೆಂದು ತಿಳಿಯಬಹುದೇ?

ಬಹಳಷ್ಟು ಸಂದರ್ಭಗಳಲ್ಲಿ ತಿಳಿಯಬಹುದು. ಬಾಂಬರ್ ಕಮಾಂಡ್‌ನಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ 55,573 ಜನ ಸತ್ತರು. ಇಷ್ಟು ದೊಡ್ಡ ನಷ್ಟದ ಬೆನ್ನಿಗೆ ಬಂದ ವಿಚಾರಣೆಯ ಕಾಗದಪತ್ರವೂ ಅಷ್ಟೇ ದೊಡ್ಡದು. ಯುದ್ಧ ಮುಗಿಯುತ್ತಿದ್ದಂತೆ ಕಾಣೆಯಾದವರನ್ನು ಹುಡುಕಲೆಂದೇ ಇದ್ದ ಆರ್‌ಎಎಫ್‌ನ ವಿಭಾಗವೊಂದು ಯುರೋಪಿನ ಹಳ್ಳಿಹಳ್ಳಿಗೆ ಹೋಗಿ, ಚರ್ಚಿನ ಪಾದ್ರಿ, ಊರ ಮೇಯರ್, ಸಮಾಧಿ ಅಗೆದವರು ಇವರನ್ನೆಲ್ಲ ಮಾತನಾಡಿಸಿ, ಬೇಕಾದಲ್ಲಿ ಗುಂಡಿ ತೆರೆದು, ಅಂಗಿಯ ಕಾಲರ್‌ನ ಲಾಂಡ್ರಿ ಗುರುತು, ಬೂಟಿನ ಅಳತೆ, ಉಂಗುರ ಇಂಥವುಗಳಿಂದ ಹೆಸರು ಗೊತ್ತುಮಾಡಿತು. ಆ ವರದಿಗಳು ಸಾವುನೋವಿನ ಕಡತಗಳಲ್ಲಿ ಸೇರಿವೆ, ಬ್ರಿಟನ್ನಿನವು ‘ಏರ್ 81’ ಸರಣಿಯಲ್ಲಿ ಹಂತಹಂತವಾಗಿ ತೆರೆದುಕೊಳ್ಳುತ್ತಿವೆ, ಆಸ್ಟ್ರೇಲಿಯದವು ‘ಎ 705’ರಲ್ಲಿವೆ. ಇವನ್ನು ತೆರೆಯುವ ಮುನ್ನ ಮನಸ್ಸನ್ನು ಸ್ವಲ್ಪ ಗಟ್ಟಿಮಾಡಿಕೊಳ್ಳಬೇಕು. ದೇಹದ ಸ್ಥಿತಿಯನ್ನು ಅಧಿಕಾರಿಗಳು ಮುಚ್ಚುಮರೆಯಿಲ್ಲದೆ ಬರೆದಿರುತ್ತಾರೆ. ಮನೆಯಲ್ಲಿ ವಯಸ್ಸಾದ ತಂಗಿಯೋ ಮಗಳೋ ಇದ್ದರೆ, ಇಡೀ ಕಡತವನ್ನು ಅವರ ಕೈಗೆ ಕೊಡುವ ಮೊದಲು ನೀವು ಓದಿ ನೋಡುವುದು ಒಳ್ಳೆಯದು.

ಸಮಾಧಿ ಎಲ್ಲಿದೆಯೆಂಬುದನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಯಲ್ಲಿ ಉಚಿತವಾಗಿ ನೋಡಬಹುದು. ಜರ್ಮನಿಯ ಚಿಕ್ಕ ಚಿಕ್ಕ ಊರುಗಳಲ್ಲಿ ಮೊದಲು ಹೂಳಲಾಗಿದ್ದವರನ್ನು ಆಮೇಲೆ ರೈಖ್ಸ್‌ವಾಲ್ಡ್, ರೈನ್‌ಬರ್ಗ್, ಬರ್ಲಿನ್ ಮುಂತಾದ ದೊಡ್ಡ ಯುದ್ಧ ಸ್ಮಶಾನಗಳಿಗೆ ತರಲಾಯಿತು. ಹಾಗಾಗಿ ಸ್ಮಶಾನವಿರುವ ಊರೇ ವಿಮಾನ ಬಿದ್ದ ಊರೆಂದು ತಿಳಿಯಬಾರದು. ‘ಸಾಮೂಹಿಕ ಸಮಾಧಿ’ ಎಂದಿದ್ದರೆ ಸಿಬ್ಬಂದಿಯನ್ನು ಬೇರೆ ಬೇರೆಯಾಗಿ ಗುರುತಿಸಲಾಗಲಿಲ್ಲ ಎಂದರ್ಥ. ಸಮಾಧಿಯೇ ಇಲ್ಲದವರ ಹೆಸರುಗಳು, ಬ್ರಿಟನ್ ಮತ್ತು ವಾಯವ್ಯ ಯುರೋಪಿನಿಂದ ಹಾರಿದವರಾಗಿದ್ದರೆ, ಲಂಡನ್ ಸಮೀಪದ ರನ್ನಿಮೀಡ್ ಸ್ಮಾರಕದಲ್ಲಿವೆ. ಅಲ್ಲಿ 20,000ಕ್ಕೂ ಹೆಚ್ಚು ಹೆಸರುಗಳಿವೆ. ಬರ್ಮಾ ಮತ್ತು ಪೂರ್ವ ಏಷ್ಯಾದ ಕಡೆ ಕಾಣೆಯಾದ ವಾಯುಪಡೆಯವರನ್ನು ಸಿಂಗಪುರದ ಕ್ರಾಂಜಿಯಲ್ಲಿ ಸ್ಮರಿಸಲಾಗಿದೆ. ಸಿಂಗಪುರಕ್ಕೆ ಎಂದೂ ಕಾಲಿಡದವರ ಹೆಸರು ಅಲ್ಲೇಕೆ ಎಂದು ಅನೇಕರು ಕೇಳುವುದರಿಂದ ಇದನ್ನು ಬಿಡಿಸಿ ಹೇಳಬೇಕಾಯಿತು.

ಸೇವಾ ದಾಖಲೆಯಲ್ಲಿ ‘ಕೋಲಾರ’ ಅಥವಾ ‘ಯಲಹಂಕ’ ಎಂದಿದೆ. ಅಲ್ಲಿ ಏನಿತ್ತು?

ಕೋಲಾರದಲ್ಲಿ ಆರ್‌ಎಎಫ್‌ನ 1673ನೇ ಹೆವಿ ಕನ್ವರ್ಷನ್ ಯೂನಿಟ್ ಇತ್ತು. ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರುಗಳನ್ನು ಹಾರಿಸಲು ಸಿಬ್ಬಂದಿಯನ್ನು ತಯಾರುಮಾಡುವುದು ಅದರ ಕೆಲಸ. 1944ರ ನವೆಂಬರ್ 8ರಂದು ಅದೇ ಘಟಕದಿಂದ 358ನೇ ಸ್ಕ್ವಾಡ್ರನ್ ಕೋಲಾರದಲ್ಲಿಯೇ ರೂಪುಗೊಂಡು, ಸ್ವಲ್ಪ ಕಾಲದಲ್ಲೇ ಬಂಗಾಳದ ಕಡೆ ಸಾಗಿ, ಬಾಂಬ್ ಹಾಕುವುದಕ್ಕಿಂತ ಹೆಚ್ಚಾಗಿ ಶತ್ರುವಿನ ಬೆನ್ನಹಿಂದೆ ಜನರನ್ನೂ ಸಾಮಗ್ರಿಯನ್ನೂ ಇಳಿಸುವ ಗುಪ್ತ ಕೆಲಸದಲ್ಲಿ ತೊಡಗಿತು. ಕೋಲಾರದಲ್ಲಿ ತರಬೇತಾದ ಇತರರು ಬಂಗಾಳದ ದಿಗ್ರಿ, ಸಾಲ್ಬನಿ, ಧುಬಾಲಿಯಾ ನೆಲೆಗಳ 99, 159, 215, 355, 356ನೇ ಸ್ಕ್ವಾಡ್ರನ್ನುಗಳ ಪೈಕಿ ಒಂದಕ್ಕೆ ಹೋಗಿರುವ ಸಾಧ್ಯತೆ ಇರುವುದರಿಂದ, ಸೇವಾ ದಾಖಲೆ ಅಸ್ಪಷ್ಟವಾಗಿದ್ದರೆ ಆ ಐದು ಪುಸ್ತಕಗಳನ್ನು ನೋಡಬೇಕು.

ಯಲಹಂಕದಲ್ಲಿ ಎರಡು ಎಂಜಿನ್ನಿನ ಮಾಸ್ಕಿಟೋ ವಿಮಾನಗಳಿಗೆ ತರಬೇತಿ ಕೊಡುವ 1672ನೇ ಘಟಕವಿತ್ತು. ಅದುವರೆಗೆ ವೆಂಜನ್ಸ್ ಡೈವ್ ಬಾಂಬರುಗಳನ್ನು (ಗುರಿಯತ್ತ ಕಡಿದಾಗಿ ಧುಮುಕಿ ಬಾಂಬ್ ಬಿಡುವ ವಿಮಾನಗಳನ್ನು) ಹಾರಿಸುತ್ತಿದ್ದ 45ನೇ ಸ್ಕ್ವಾಡ್ರನ್ 1944ರಲ್ಲಿ ಇಲ್ಲಿಗೇ ಬಂದು ಮಾಸ್ಕಿಟೋ ಕಲಿತಿತು. ಮಾಸ್ಕಿಟೋದಲ್ಲಿ ಇರುವವರು ಇಬ್ಬರೇ ಆದ್ದರಿಂದ ಹುಡುಕಾಟವೂ ಅಷ್ಟೇ ಸರಳ: ಪೈಲಟ್ ಸಿಕ್ಕರೆ ನ್ಯಾವಿಗೇಟರ್ ಸಿಕ್ಕಂತೆ.

ದಕ್ಷಿಣ ಭಾರತದಲ್ಲಿ ತರಬೇತಿಯ ಅಪಘಾತದಲ್ಲೋ ಕಾಯಿಲೆಯಿಂದಲೋ ಸತ್ತವರ ಸಮಾಧಿಗಾಗಿ ಸ್ಥಳೀಯ ಚರ್ಚಿನ ಅಂಗಳದಲ್ಲಿ ಅಲೆಯುವ ಮೊದಲು ಚೆನ್ನೈನ ಮದ್ರಾಸ್ ವಾರ್ ಸಿಮೆಟ್ರಿಯ ಪಟ್ಟಿ ನೋಡಿ. ದಕ್ಷಿಣ ಮತ್ತು ಪೂರ್ವ ಭಾರತದಲ್ಲಿ ಶಾಶ್ವತ ನಿರ್ವಹಣೆಯ ಖಾತರಿಯಿಲ್ಲದ ಸ್ಮಶಾನಗಳಿಂದ ಅನೇಕ ಸಮಾಧಿಗಳನ್ನು ಅಲ್ಲಿಗೆ ಸ್ಥಳಾಂತರಿಸಲಾಗಿದೆ.

ಭಾರತೀಯ ವಾಯುಪಡೆಯಲ್ಲಿಯೇ ಬಾಂಬರ್ ಸಿಬ್ಬಂದಿ ಇದ್ದರೇ?

ಇದ್ದರು. 7 ಮತ್ತು 8ನೇ ಸ್ಕ್ವಾಡ್ರನ್ನುಗಳು ಬರ್ಮಾ ರಣರಂಗದಲ್ಲಿ ವೆಂಜನ್ಸ್ ಎಂಬ ಇಬ್ಬರು ಕೂರುವ ಡೈವ್ ಬಾಂಬರುಗಳನ್ನು ಹಾರಿಸಿದವು. ಯುದ್ಧಕಾಲದ ಭಾರತೀಯ ಸ್ಕ್ವಾಡ್ರನ್ನುಗಳ ಕಾರ್ಯಾಚರಣೆ ಪುಸ್ತಕಗಳಿಗಾಗಿಯೂ ‘ಏರ್ 27’ ಸರಣಿಯನ್ನೇ ನೋಡಬೇಕು. 1940ರಲ್ಲಿ 24 ಭಾರತೀಯ ಪೈಲಟ್‌ಗಳ ತಂಡವೊಂದು ನೇರವಾಗಿ ಬ್ರಿಟನ್ನಿಗೇ ಹೋಗಿತ್ತು, ಅವರಲ್ಲಿ ಕೆಲವರು ಬಾಂಬರ್‌ಗಳಿಗೆ ನೇಮಕಗೊಂಡರು. ಕಾಗದಗಳಲ್ಲಿ ಒಮ್ಮೆ ‘ಇಂಡಿಯನ್’, ಇನ್ನೊಮ್ಮೆ ‘ರಾಯಲ್ ಇಂಡಿಯನ್’ ಎಂದು ಕಂಡರೆ ಗಾಬರಿಯಾಗಬೇಕಿಲ್ಲ, ‘ರಾಯಲ್’ ಸೇರಿದ್ದು 1945ರ ಮಾರ್ಚ್‌ನಲ್ಲಿ.

ಪದಕಗಳಿಂದ ಏನು ತಿಳಿಯುತ್ತದೆ?

ಸ್ವಲ್ಪ ಮಟ್ಟಿಗೆ. ಏರ್ ಕ್ರೂ ಯುರೋಪ್ ಸ್ಟಾರ್ ಇದ್ದರೆ ಅವರು 1944ರ ಜೂನ್ 5ರ ಒಳಗೆ ಬ್ರಿಟನ್ನಿನ ನೆಲೆಗಳಿಂದ ಯುರೋಪಿನ ಮೇಲೆ ಹಾರಿದವರು. ಫ್ರಾನ್ಸ್ ಅಂಡ್ ಜರ್ಮನಿ ಸ್ಟಾರ್ ಅದರ ನಂತರದ್ದು. ಬರ್ಮಾ ಸ್ಟಾರ್ ಪೂರ್ವದ್ದು. ಬ್ರಿಟನ್ ಕೊಟ್ಟ ಈ ಸ್ಟಾರ್‌ಗಳ ಮೇಲೆ ಹೆಸರು ಕೆತ್ತಿರುವುದಿಲ್ಲ, ಆದ್ದರಿಂದ ಪೆಟ್ಟಿಗೆಯಲ್ಲಿರುವ ಪದಕ ನಿಮ್ಮವರದ್ದೇ ಎಂಬುದಕ್ಕೆ ಪದಕವೇ ಸಾಕ್ಷಿಯಾಗಲಾರದು. ಹಾರಾಟದ ಶೌರ್ಯಕ್ಕೆ ಕೊಡುತ್ತಿದ್ದ ಡಿ.ಎಫ್.ಸಿ. ಅಥವಾ ಡಿ.ಎಫ್.ಎಂ. ಪದಕ ಪಡೆದಿದ್ದರೆ ಬ್ರಿಟಿಷ್ ಸರ್ಕಾರದ ಪತ್ರಿಕೆಯಾದ ಲಂಡನ್ ಗೆಜೆಟ್‌ನಲ್ಲಿ ಪ್ರಕಟಣೆ ಇರುತ್ತದೆ. 2013ರಲ್ಲಿ ಬ್ರಿಟಿಷ್ ಸರ್ಕಾರ ಬಾಂಬರ್ ಕಮಾಂಡ್‌ನವರಿಗೆ ಪ್ರತ್ಯೇಕ ಕ್ಲ್ಯಾಸ್ಪ್ (ಪದಕದ ರಿಬ್ಬನ್ ಮೇಲೆ ಕೂರಿಸುವ ಲೋಹದ ಪಟ್ಟಿ) ಒಂದನ್ನು ಜಾರಿಗೆ ತಂದಿತು. ಮಡಿದವರ ಹತ್ತಿರದ ಬಂಧುಗಳು ಅದಕ್ಕೆ ಅರ್ಜಿ ಹಾಕಬಹುದು.

ಮನೆಯ ಕಥೆಗೂ ದಾಖಲೆಗೂ ತಾಳೆಯಾಗದಿದ್ದರೆ ಯಾವುದನ್ನು ನಂಬಬೇಕು?

ದಿನಾಂಕ, ಸ್ಥಳ, ವಿಮಾನ ಇವುಗಳ ವಿಷಯದಲ್ಲಿ ಆಗಲೇ ಬರೆದಿಟ್ಟ ಕಾಗದವನ್ನು ನಂಬಿ. ಭಯ, ಗೆಳೆತನ, ಆಮೇಲೆ ಬಂದ ಮೌನ ಇವುಗಳ ವಿಷಯದಲ್ಲಿ ಮನೆಯವರನ್ನು ನಂಬಿ, ಅವು ಯಾವ ಫಾರ್ಮಿನಲ್ಲೂ ಬರುವುದಿಲ್ಲ. ಡ್ರೆಸ್ಡೆನ್ ಎಂಬ ಜರ್ಮನ್ ನಗರದ ಮೇಲೆ ನಡೆದು ಅಪಾರ ನಾಗರಿಕರನ್ನು ಬಲಿತೆಗೆದುಕೊಂಡ ದಾಳಿಯ ಬಗ್ಗೆ, ‘ಅವರು ಡ್ರೆಸ್ಡೆನ್ ದಾಳಿಯಲ್ಲಿದ್ದರೇ’ ಎಂಬ ಪ್ರಶ್ನೆಯನ್ನು ಕೆಲವರು ಹೆಮ್ಮೆಯಿಂದಲೂ ಕೆಲವರು ಅಳುಕಿನಿಂದಲೂ ಕೇಳುತ್ತಾರೆ. ಉತ್ತರ ಸಿಗುವುದು ಮಾತ್ರ ಒಂದೇ ರೀತಿಯಲ್ಲಿ: 1945ರ ಫೆಬ್ರವರಿ 13ರ ರಾತ್ರಿ ಅವರ ಸ್ಕ್ವಾಡ್ರನ್ ಎಲ್ಲಿಗೆ ಹೋಯಿತು, ಅವರ ಸಿಬ್ಬಂದಿ ಆ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ಇದ್ದರೆ ಇದ್ದರು ಎಂದೇ ಬರೆದುಕೊಳ್ಳಿ. ಮಕ್ಕಳಿಗೆ ಹೇಳಲು ಕಷ್ಟವೆಂದು ಆ ಸಾಲನ್ನು ಬಿಟ್ಟು ವಂಶದ ಚರಿತ್ರೆ ಬರೆಯುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ, ಹಾಗೆಯೇ ಇಪ್ಪತ್ತು ದಾಟಿದ ಹುಡುಗನೊಬ್ಬ ಗುರಿಯ ಆಯ್ಕೆ ಮಾಡಿದವನಂತೆ ಬರೆಯುವುದೂ ಸರಿಯಲ್ಲ.

ಅಂತರ್ಜಾಲದ ಹೆಸರಿನ ಪಟ್ಟಿಗಳು ಸಾಲವೇ?

ಲಿಂಕನ್ ನಗರದ ಅಂತರರಾಷ್ಟ್ರೀಯ ಬಾಂಬರ್ ಕಮಾಂಡ್ ಕೇಂದ್ರದ ನಷ್ಟಗಳ ಪಟ್ಟಿ ಅತ್ಯಂತ ಉಪಯುಕ್ತವಾದದ್ದು, ಮಡಿದವರ ವಿಷಯದಲ್ಲಿ ಅರ್ಧ ಕೆಲಸವನ್ನು ಅದೇ ಮುಗಿಸಿಕೊಡುತ್ತದೆ. ಆದರೂ ಅದು ಬೇರೆ ಕಾಗದಗಳಿಂದ ಆಯ್ದು ಕಟ್ಟಿದ ಪಟ್ಟಿ. ಅದರಲ್ಲಿ ಕಂಡ ದಿನಾಂಕ ಮತ್ತು ವಿಮಾನದ ಸಂಖ್ಯೆಯನ್ನು ಫಾರ್ಮ್ 541ರ ಜೊತೆ ಹೋಲಿಸಿ ನೋಡುವವರೆಗೆ ಪೆನ್ಸಿಲ್‌ನಲ್ಲಿಯೇ ಬರೆದಿಟ್ಟುಕೊಳ್ಳಿ. ನಿಮ್ಮ ಮನೆಯ ಲಾಗ್‌ಬುಕ್ ಅಥವಾ ಫೋಟೋದಿಂದ ಅಲ್ಲಿನ ತಪ್ಪೊಂದು ಹೊರಬಿದ್ದರೆ ಸ್ಕ್ಯಾನ್ ಪ್ರತಿಯೊಂದಿಗೆ ಅವರಿಗೆ ತಿಳಿಸಿ. ಮೂಲವನ್ನು ಅಂಚೆಯಲ್ಲಿ ಕಳುಹಿಸುವ ಅಗತ್ಯವಿಲ್ಲ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದಿಡದೆ, ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ನಮ್ಮ ಮಳೆಗಾಲದ ತೇವ ತಾಗದ ಕಡೆ ಇಡಿ.